ಹುಳುವಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಲಿ

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗೆ ಬಂದು ನಿಲ್ಲುವುದು ರೈತ ಬಾಂಧವರಿಗೆ ತಿಳಿದ ವಿಷಯ. ಮನೆ ಮನೆ ಸುತ್ತಿ ಜಮೀನೆಷ್ಟು, ದನಕರುಗಳೆಷ್ಟು ಎಂದು ಬರೆದುಕೊಳ್ಳುತ್ತಾರೆ. ಇದು ಬೇಡವೆಂದಲ್ಲ. ಆದರೆ ಗಣಿತವನ್ನೂ ಜೀವಶಾಸ್ತ್ರವನ್ನೂ ಒಂದೇ ಹೊಲದಲ್ಲಿ ಕೂಡಿಸುವ ಸಂಶೋಧನೆಯನ್ನು ಇವರೇಕೆ ಮಾಡಬಾರದು?

ಗಣಿತಕ್ಕೂ ಹುಳುವಿಗೂ ಏನು ಸಂಬಂಧವೆಂದು ಕೇಳುವವರುಂಟು. ಮೊದಲ ಮಹಾಯುದ್ಧದ ಕಾಲದಲ್ಲಿ ಇಟಲಿಯ ಪಕ್ಕದ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ತಗ್ಗಿತು. ಆಗ ಸಿಕ್ಕ ಮೀನುಗಳಲ್ಲಿ, ಬೇರೆ ಮೀನು ತಿಂದು ಬದುಕುವ ಪರಭಕ್ಷಕಗಳ ಪಾಲು ಹೆಚ್ಚಿತ್ತು. ಕಾರಣವೇನೆಂಬ ಪ್ರಶ್ನೆ ಗಣಿತಜ್ಞ ವೊಲ್ಟೆರಾ ಅವರ ಮುಂದೆ ಬಂತು. 1926ರಲ್ಲಿ ಅವರು ಲೆಕ್ಕ ಹಾಕಿ ತೋರಿಸಿದ್ದಿಷ್ಟು: ಪರಭಕ್ಷಕವನ್ನೂ ಅದರ ಆಹಾರವಾದ ಜಾತಿಯನ್ನೂ ಒಟ್ಟಿಗೆ ಕೊಂದರೆ, ಸರಾಸರಿಯಲ್ಲಿ ಪರಭಕ್ಷಕ ಕುಗ್ಗಿ ಆಹಾರದ ಜಾತಿಯೇ ಹೆಚ್ಚುತ್ತದೆ.

ಈಗ ಮೀನಿನ ಬದಲು ಅಲಸಂದೆಯ ಸಸ್ಯಹೇನನ್ನೂ ಅದನ್ನು ತಿನ್ನುವ ಗುಲಗಂಜಿ ಹುಳುವನ್ನೂ ಇಟ್ಟು ನೋಡಿ. ಬಲೆಯ ಬದಲು ಕೀಟನಾಶಕ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ ಶಲ್ಕಕೀಟವನ್ನು ಹತೋಟಿಗೆ ತಂದದ್ದು 1888-89ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿ ಬಿಟ್ಟ ಗುಲಗಂಜಿ ಹುಳು. 1940ರ ದಶಕದಲ್ಲಿ ಡಿ.ಡಿ.ಟಿ. ಸಿಂಪಡಿಸಿದಾಗ ಗುಲಗಂಜಿ ಸತ್ತು, ಶಲ್ಕಕೀಟ ಮತ್ತೆ ತಲೆಯೆತ್ತಿತು.

ವೊಲ್ಟೆರಾ ಲೆಕ್ಕ ಎಲ್ಲ ಹೊಲಕ್ಕೂ ಹಾಗೆಯೇ ಹೊಂದದು. ಮಳೆ, ಬಿಸಿಲು, ಪಕ್ಕದ ಹೊಲ ಯಾವುದೂ ಅದರಲ್ಲಿಲ್ಲ. ಆದ್ದರಿಂದಲೇ ನಮ್ಮ ಹೊಲದ ಎಣಿಕೆ ಬೇಕು. ಇಬ್ಬರು ವಿದ್ಯಾರ್ಥಿಗಳು ವಾರಕ್ಕೆರಡು ಬಾರಿ, ಸಿಂಪಡಿಸಿದ ಭಾಗದಲ್ಲಿ 20 ಗಿಡ, ಸಿಂಪಡಿಸದ ಭಾಗದಲ್ಲಿ 20 ಗಿಡ ಗುರುತಿಸಿ ಎರಡೂ ಹುಳುಗಳನ್ನು ಎಣಿಸಲಿ. ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶವನ್ನೂ ಬರೆದಿಡಲಿ. ಕೊಯ್ಲಿನಲ್ಲಿ ಎರಡೂ ಕಡೆಯ ಇಳುವರಿ ತೂಗಿದರೆ, ಆ ಸಿಂಪರಣೆಯ ಖರ್ಚು ಮಾಡಬೇಕಿತ್ತೋ ಇಲ್ಲವೋ ಎಂಬುದಕ್ಕೆ ಉತ್ತರದ ಸುಳಿವು ಸಿಗುತ್ತದೆ. ಹಲವು ಹಳ್ಳಿಗಳ ಲೆಕ್ಕ ಕೂಡಿದರೆ ಉತ್ತರವೇ ಸಿಕ್ಕೀತು.

ನಮ್ಮ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ವಿದ್ಯಾರ್ಥಿಗಳಿಗೆ ಬೇಸಿಗೆಯ ಸಂಶೋಧನಾ ಶಿಷ್ಯವೇತನ ಕೊಡುತ್ತ ಬಂದಿವೆ. ಒಳ್ಳೆಯದೇ. ಆದರೆ ಬೇಸಿಗೆಯಲ್ಲಿ ಮಳೆಯಾಶ್ರಿತ ಹೊಲದಲ್ಲಿ ಎಣಿಸಲು ಬೆಳೆಯೇ ಇರುವುದಿಲ್ಲ! ಬೆಳೆ ನಿಂತಿರುವಾಗ ಊರಿನಲ್ಲಿರುವವರು ಕಾರ್ಯಾನುಭವದ ವಿದ್ಯಾರ್ಥಿಗಳು.

ಸಿಂಪಡಿಸದೆ ಬಿಟ್ಟ ಎರಡು ಗುಂಟೆಯಲ್ಲಿ ಬೆಳೆ ಹೋದರೆ? ಆ ನಷ್ಟವನ್ನು ರೈತನ ತಲೆಗೆ ಕಟ್ಟಕೂಡದು. ಅಷ್ಟು ಬೆಳೆಯ ಬೆಲೆ ಕೊಡುವುದಾಗಿ ವಿಶ್ವವಿದ್ಯಾನಿಲಯವು ಬಿತ್ತನೆಗೆ ಮೊದಲೇ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟಲ್ಲಿ, ರೈತ ಬಾಂಧವರು ಎರಡು ಗುಂಟೆ ಬಿಟ್ಟುಕೊಡಲು ಹಿಂಜರಿಯಬಾರದು.