ಮಾತ್ರೆ ಡಬ್ಬಕ್ಕೆ ಸರಪಳಿ ಸರಿ, ರೋಗಿಗೆ ಯಾಕೆ?

2020ರ ಮಾರ್ಚ್‌ನಲ್ಲಿ ನಮ್ಮ ವಾಟ್ಸ್‌ಆ್ಯಪ್‌ಗಳಲ್ಲಿ ಒಂದು ಪಟ್ಟಿ ಹರಿದಾಡಿತು. ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳು. ಕದ್ದ ಮಾಲಲ್ಲ ಅದು. ಪ್ರಕಟಿಸಿದ್ದು ರಾಜ್ಯ ಸರ್ಕಾರವೇ. ಮಲ್ಲೇಶ್ವರದಲ್ಲಿ ಎಷ್ಟನೇ ಕ್ರಾಸ್ ಎಂದು ಗೊತ್ತಾದರೆ ಸಾಕು, ಯಾರ ಮನೆ ಮಗ ಅಮೆರಿಕದಿಂದ ಬಂದಿದ್ದಾನೆಂದು ಹೂವಿನವಳೂ ಹೇಳುತ್ತಾಳೆ.

ಆರೋಗ್ಯದ ಮಾಹಿತಿ ಹಂಚಿಕೊಳ್ಳಲು ಬ್ಲಾಕ್‌ಚೈನ್ ತನ್ನಿ ಎನ್ನುವವರ ಮಾತು ಕೇಳಿದಾಗಲೆಲ್ಲ ನನಗೆ ಆ ಪಟ್ಟಿಯೇ ಕಣ್ಣಮುಂದೆ ಬರುತ್ತದೆ. ಒಮ್ಮೆ ಬರೆದದ್ದನ್ನು ಯಾರೂ ಗುಟ್ಟಾಗಿ ತಿದ್ದಲಾರರು, ಅಳಿಸಲಾರರು ಎಂಬುದೇ ಈ ಸರಪಳಿಯ ಹೆಗ್ಗಳಿಕೆ. ಆದರೆ ನಮ್ಮನ್ನು ಕಾಡಿದ್ದು ತಿದ್ದುವ ಕಳ್ಳನಲ್ಲ, ಬಾಯಿಬಿಡುವ ಯಜಮಾನ.

ವಿರೋಧಿಸಬೇಕೆಂದೇ ವಿರೋಧಿಸುತ್ತಿಲ್ಲ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಬ್ಲಾಕ್‌ಚೈನ್‌ಗೆಂದು ಒಂದು ಕೇಂದ್ರ ತೆರೆಯಿತು. ಸರ್ಕಾರಿ ಆಸ್ಪತ್ರೆಗಳಿಗೆ ಹೋಗುವ ಔಷಧಿಯ ಜಾಡು ಹಿಡಿಯುವ ಕರ್ನಾಟಕದ ‘ಔಷಧ’ ವ್ಯವಸ್ಥೆಗೆ ಈ ತಂತ್ರಜ್ಞಾನ ಬಳಸಿದ್ದಾರೆ. ಅಲ್ಲಿ ಸರಿ. ಮಾತ್ರೆ ಡಬ್ಬಕ್ಕೆ ಮಾನ ಮರ್ಯಾದೆಯ ಚಿಂತೆಯಿಲ್ಲ. ಸಂಬಂಧ ಕೂಡಿಸುವ ಮೊದಲು ಅದರ ಬಗ್ಗೆ ಯಾರೂ ಅಕ್ಕಪಕ್ಕದಲ್ಲಿ ವಿಚಾರಿಸುವುದಿಲ್ಲ.

ರೋಗದ ವಿವರ ಸರಪಳಿಗೆ ಏರುವುದೇ ಇಲ್ಲ, ಅದರ ಹ್ಯಾಶ್ ಎಂಬ ಗಣಿತದ ಬೆರಳಚ್ಚು ಮಾತ್ರ ಅಲ್ಲಿರುತ್ತದೆ, ಅಸಲು ಕಡತ ಆಸ್ಪತ್ರೆಯ ಸರ್ವರಿನಲ್ಲೇ ಎಂದು ಜಾಣ ಸಮರ್ಥಕರು ಹೇಳುತ್ತಾರೆ. ಆಗಲಿ. ಕನ್ನ ಬೀಳುವುದೂ ಆ ಸರ್ವರಿಗೇ ತಾನೆ? 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರುಗಳು ದಾಳಿಗೆ ಸಿಕ್ಕಿ, ಅಂಥ ಆಸ್ಪತ್ರೆಯೇ ದಿನಗಟ್ಟಲೆ ಕಾಗದ ಪೆನ್ನು ಹಿಡಿಯಬೇಕಾಯಿತು. ಇನ್ನು ಆಶಾ ಕಾರ್ಯಕರ್ತೆ ಡೈರಿಯಿಂದ ಆ್ಯಪ್‌ಗೆ ಇಳಿಸುವಾಗ 42 ಹೋಗಿ 24 ಆಯಿತೆನ್ನಿ. ಸರಪಳಿ ಆ ತಪ್ಪಿಗೇ ನಿಷ್ಠೆಯಿಂದ ಕಾವಲು ಕೂರುತ್ತದೆ.

ಜನರ ಭಯದ ಮಾತೂ ಇದೆ. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೇ 1898ರ ಪ್ಲೇಗಿನ ಹೊಡೆತದಿಂದ. ಆ ಕಾಲದಲ್ಲಿ ತಪಾಸಣೆಗೆ ಬಂದವರಿಗೆ ಹೆದರಿ ಜನ ರೋಗಿಗಳನ್ನು ಮನೆಯೊಳಗೇ ಬಚ್ಚಿಟ್ಟರು. ಸಾರ್ವಜನಿಕ ಆರೋಗ್ಯದ ಲೆಕ್ಕವೆಲ್ಲ ನಿಂತಿರುವುದು ಜನ ನಿಜ ಹೇಳುತ್ತಾರೆಂಬ ಭರವಸೆಯ ಮೇಲೆ. ಕ್ಷಯವೋ ಎಚ್‌ಐವಿಯೋ ಎಂದೆಂದಿಗೂ ಅಳಿಯದಂತೆ ದಾಖಲಾಗುತ್ತದೆಂದು ತಿಳಿದವನು ಪರೀಕ್ಷೆಗೇ ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ಕೊಡುತ್ತದೆ (ಸರ್ಕಾರಕ್ಕೆ ಧಾರಾಳ ವಿನಾಯಿತಿಯನ್ನೂ ಕೊಡುತ್ತದೆನ್ನಿ). ಅಳಿಸಲಾಗದ ಪುಸ್ತಕದ ಮುಂದೆ ಆ ಹಕ್ಕು ಹಿಡಿದು ಏನು ಮಾಡುವುದು?

ಹಾಗಾದರೆ ಹಂಚಿಕೆಯೇ ಬೇಡವೆ? ಖಂಡಿತ ಬೇಕು. ಚಾಮರಾಜಪೇಟೆಯಿಂದ ಮಾರ್ಕೆಟ್ ಕಡೆಗೆ ಹೋಗುವ ಬಸ್ಸಿನಲ್ಲಿ ನೋಡಿ, ಸ್ಕ್ಯಾನು, ಎಕ್ಸ್‌ರೇ ತುಂಬಿದ ಪ್ಲಾಸ್ಟಿಕ್ ಕವರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡವರು ಸಿಗುತ್ತಾರೆ. ಒಂದು ಕಡೆಯ ರಕ್ತಪರೀಕ್ಷೆಯನ್ನು ಇನ್ನೊಂದು ಕಡೆ ಒಪ್ಪದೆ ಮತ್ತೆ ಸೂಜಿ ಚುಚ್ಚುತ್ತಾರೆ. ಅದು ಬಿಲ್ಲಿನ ಆಸೆ. ಯಾವ ಸರಪಳಿಯೂ ಅದನ್ನು ಕಟ್ಟಿಹಾಕದು. ಹಂಚಿಕೆಗೆ ರೋಗಿಯ ಒಪ್ಪಿಗೆಯ ಕಥೆಯಂತೂ ಕೇಳಲೇಬೇಡಿ. ಕೌಂಟರಿನಲ್ಲಿ ‘ಓಟಿಪಿ ಹೇಳಿ ಅಜ್ಜಿ’ ಎಂದರೆ ಅಜ್ಜಿ ಹೇಳುತ್ತಾರೆ, ಒಪ್ಪಿಗೆ ಸಿಕ್ಕಿತು! ಕೋವಿಡ್ ಕಾಲದ ಆರೋಗ್ಯ ಸೇತು ಆ್ಯಪ್ ಬಳಸಿದವರ ಮಾಹಿತಿಯನ್ನು ಅವರಿಗೆ ತಿಳಿಸಿ ಒಪ್ಪಿಗೆ ಪಡೆಯದೆ ಹಂಚಬೇಡಿ ಎಂದು ಕೇಂದ್ರ ಸರ್ಕಾರಕ್ಕೂ ಇದೇ ಎನ್‌ಐಸಿಗೂ ಕರ್ನಾಟಕ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಬೇಕಾಯಿತು.

ಬ್ಲಾಕ್‌ಚೈನ್‌ಪ್ರಿಯರು ಮಾತೆತ್ತಿದರೆ ಎಸ್ಟೋನಿಯಾ ದೇಶವನ್ನು ಮಾದರಿಯೆಂದು ತೋರಿಸುತ್ತಾರೆ. ತೋರಿಸಲಿ. ಅಲ್ಲಿನ ರೋಗಿ ತನ್ನ ದಾಖಲೆಯನ್ನು ಯಾರು ತೆರೆದು ನೋಡಿದರೆಂದು ತಾನೇ ನೋಡಬಹುದು. ಅದೊಂದನ್ನು ಇಲ್ಲಿಗೆ ತನ್ನಿ, ಯಾವ ತಂತ್ರಜ್ಞಾನದಲ್ಲಾದರೂ ಸರಿ. ಖಾತೆಯಿಂದ ಹಣ ಹೋದರೆ ಬ್ಯಾಂಕಿನವರು ಮೆಸೇಜ್ ಕಳಿಸುತ್ತಾರೆ. ನನ್ನ ಕಡತವನ್ನು ಯಾರು, ಎಷ್ಟು ಗಂಟೆಗೆ, ಯಾಕೆ ತೆರೆದರೆಂದು ಅಂಥದ್ದೊಂದು ಮೆಸೇಜ್ ನನ್ನ ಫೋನಿಗೂ ಬರಲಿ.