ಗೆಲುವು ಆಡುವವರ ಹೊಣೆ, ಆಟ ನೋಡುವವರ ಹೊಣೆ

1982ರ ಜುಲೈ 5ರಂದು ಬಾರ್ಸಿಲೋನಾದ ಸಾರಿಯಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ತಂಡಕ್ಕೆ ಇಟಲಿ ಎದುರಿನ ವಿಶ್ವಕಪ್ ಫುಟ್‌ಬಾಲ್ ಪಂದ್ಯ ಡ್ರಾ ಆದರೂ ಸಾಕಿತ್ತು. ಇಟಲಿ ಎರಡು ಸಲ ಮುಂದೆ ಹೋಗಿತ್ತು, ಬ್ರೆಜಿಲ್ ಎರಡು ಸಲವೂ ಸರಿಗಟ್ಟಿತ್ತು. 68ನೇ ನಿಮಿಷದಲ್ಲಿ ಫಾಲ್ಕಾವ್ ಗೋಲಿನಿಂದ 2-2 ಆದ ಮೇಲೆ ಚೆಂಡನ್ನು ತಮ್ಮತಮ್ಮೊಳಗೇ ಇಟ್ಟುಕೊಂಡು ಹೊತ್ತು ಕಳೆಯಲು ನೋಡಬಹುದಿತ್ತು. ಜೀಕೊ, ಸಾಕ್ರಟೀಸ್, ಎಡೆರ್ ಇದ್ದ ಆ ತಂಡ ಹಾಗೆ ಆಡುವ ಜಾಯಮಾನದ್ದಲ್ಲ. ಕೋಚ್ ಟೆಲೆ ಸಂತಾನ ಹಾಗೆ ಆಡಿಸುವವರೂ ಅಲ್ಲ. 74ನೇ ನಿಮಿಷದಲ್ಲಿ ಇಟಲಿಯ ಪಾವ್ಲೊ ರೋಸಿ ತಮ್ಮ ಮೂರನೇ ಗೋಲು ಹೊಡೆದರು. ಬ್ರೆಜಿಲ್ ಹೊರಬಿತ್ತು, ಇಟಲಿ ಮುಂದೆ ವಿಶ್ವಕಪ್ಪನ್ನೇ ಗೆದ್ದಿತು. ಹನ್ನೆರಡು ವರ್ಷಗಳ ನಂತರ, ಎಚ್ಚರಿಕೆಯನ್ನೇ ನೆಚ್ಚಿಕೊಂಡಿದ್ದ ಇನ್ನೊಂದು ಬ್ರೆಜಿಲ್ ತಂಡ ದುಂಗಾ ನಾಯಕತ್ವದಲ್ಲಿ ಅದೇ ಇಟಲಿಯ ಎದುರು ಫೈನಲ್ ಆಡಿತು. 120 ನಿಮಿಷ ಒಂದೂ ಗೋಲಿಲ್ಲ; ಕೊನೆಗೆ ಪೆನಾಲ್ಟಿಯಲ್ಲಿ ಕಪ್ ಕೈಸೇರಿತು. 24 ವರ್ಷಗಳ ಬರ ನೀಗಿಸಿದ್ದು ಈ ತಂಡ. ಆದರೂ ಆಟ ಬಲ್ಲವರು ಇಂದಿಗೂ ಪ್ರೀತಿಯಿಂದ ಮಾತಾಡುವುದು ಬರಿಗೈಯಲ್ಲಿ ಮರಳಿದ ಆ ತಂಡದ ಬಗ್ಗೆ. ಅಭಿಮಾನಿಗಳು ಗೆಲುವನ್ನು ದೊಡ್ಡದೆಂದು ಎಣಿಸಬೇಕೋ, ಆಟದ ಸೊಗಸನ್ನೋ ಎಂಬ ಪ್ರಶ್ನೆ ಈ ಎರಡು ತಂಡಗಳ ನಡುವೆ ನಿಂತಿದೆ.

ಇದಕ್ಕೆ ಉತ್ತರ ಹುಡುಕುವಾಗ ಮೊದಲು ಕೇಳಬೇಕಾದದ್ದು, ಯಾರ ಗಂಟು ಯಾವುದರಲ್ಲಿದೆ ಎಂದು. ಕೋಚ್‌ನ ಕೆಲಸ ಫಲಿತಾಂಶದ ಮೇಲೆ ನಿಂತಿದೆ. ಸಾಲಾಗಿ ಐದಾರು ಪಂದ್ಯ ಸೋತರೆ ಅವರ ಜಾಗದಲ್ಲಿ ಇನ್ನೊಬ್ಬರು ಬರುತ್ತಾರೆ. ಆಟಗಾರರ ಮುಂದಿನ ಒಪ್ಪಂದ, ಮಾಲೀಕರ ಆದಾಯ, ಕ್ಲಬ್ ಮೇಲಿನ ದರ್ಜೆಯಲ್ಲಿ ಉಳಿಯುವುದು, ಎಲ್ಲವೂ ಅಂಕಪಟ್ಟಿಗೆ ಕಟ್ಟಿಬಿದ್ದಿವೆ. ಆದ್ದರಿಂದ ಗೆಲುವಿನ ಚಿಂತೆ ಮಾಡಲು ಮೈದಾನದಲ್ಲೂ ಕಚೇರಿಯಲ್ಲೂ ಬೇಕಾದಷ್ಟು ಜನರಿದ್ದಾರೆ. ಫಲಿತಾಂಶದಿಂದ ಅನ್ನ ಹುಟ್ಟದವರು ನೋಡುಗರು ಮಾತ್ರ. ಅವರು ಸಮಯವನ್ನೂ ದುಡ್ಡನ್ನೂ ಕೊಟ್ಟು ಬರುವುದು ತೊಂಬತ್ತು ನಿಮಿಷಗಳ ಆಟಕ್ಕಾಗಿ. ಅವರೂ ಅಂಕಪಟ್ಟಿಯ ಗುಮಾಸ್ತರಾಗಿಬಿಟ್ಟರೆ ಆಟದ ಪರವಾಗಿ ಮಾತಾಡಲು ಯಾರೂ ಉಳಿಯುವುದಿಲ್ಲ. ಗೆಲ್ಲಲು ಹೆಣಗುವುದು ಆಡುವವರ ಧರ್ಮ. ಹೇಗೆ ಗೆದ್ದರು, ಹೇಗೆ ಸೋತರು ಎಂದು ತೂಗಿ ನೋಡುವುದು ನೋಡುಗರ ಧರ್ಮ. ತಂಡದ ಬೆಲೆ ಕಟ್ಟುವಾಗ ಅಭಿಮಾನಿಯ ತಕ್ಕಡಿಯಲ್ಲಿ ಆಟದ ತೂಕವೇ ಹೆಚ್ಚಿರಬೇಕು ಎಂಬುದು ನನ್ನ ವಾದ.

ಹಾಗೆಂದು ಗೆಲುವನ್ನು ಪಕ್ಕಕ್ಕಿಡಿ ಎಂದರೆ ಆಟವೇ ಕುಸಿಯುತ್ತದೆ. ಇಬ್ಬರೂ ಗೆಲ್ಲಲು ಜೀವ ಒತ್ತೆಯಿಟ್ಟಾಗಲೇ ಒಂದು ಪಾಸಿಗೆ, ಒಂದು ತಡೆಗೆ ಅರ್ಥ. ನಿವೃತ್ತ ತಾರೆಯರ ಪ್ರದರ್ಶನ ಪಂದ್ಯಗಳಲ್ಲಿ ಚಮತ್ಕಾರಕ್ಕೆ ಕೊರತೆಯಿಲ್ಲ, ಆದರೂ ಮರುದಿನ ಅವು ನೆನಪಿನಲ್ಲಿ ಇರುವುದಿಲ್ಲ. ಎದುರಾಳಿ ಮನಸ್ಸಿಟ್ಟು ತಡೆಯದ ಡ್ರಿಬ್ಲಿಂಗ್‌ಗೆ ಬೆಲೆಯಿಲ್ಲ. ಗೆಲ್ಲುವ ಹಂಬಲವೇ ಇಲ್ಲದ ಆಟದ ಕರಾಳ ಮುಖ ಕಂಡದ್ದು 1982ರ ಅದೇ ವಿಶ್ವಕಪ್‌ನಲ್ಲಿ, ಜೂನ್ 25ರಂದು ಹಿಹೋನ್ ನಗರದಲ್ಲಿ. ಪಶ್ಚಿಮ ಜರ್ಮನಿಯನ್ನು ಸೋಲಿಸಿ ಜಗತ್ತನ್ನು ಬೆರಗುಗೊಳಿಸಿದ್ದ ಅಲ್ಜೀರಿಯಾ ತನ್ನ ಕೊನೆಯ ಗುಂಪು ಪಂದ್ಯವನ್ನು ಹಿಂದಿನ ದಿನವೇ ಮುಗಿಸಿತ್ತು. ಆಸ್ಟ್ರಿಯಾದ ಮೇಲೆ ಪಶ್ಚಿಮ ಜರ್ಮನಿ 1-0 ಅಂತರದಲ್ಲಿ ಗೆದ್ದರೆ ಆ ಎರಡು ತಂಡಗಳೂ ಮುಂದೆ ಹೋಗುತ್ತಿದ್ದವು. ಹತ್ತನೇ ನಿಮಿಷದಲ್ಲಿ ಆ ಗೋಲು ಬಂತು. ನಂತರ ಉಳಿದ ಹೊತ್ತೆಲ್ಲ ಎರಡೂ ಕಡೆಯವರು ಚೆಂಡನ್ನು ಅತ್ತಿಂದಿತ್ತ ತಳ್ಳಿ ಕಾಲ ಕಳೆದರು. ನೋಡುಗರು ಧಿಕ್ಕಾರ ಕೂಗಿದರು, ಅಲ್ಜೀರಿಯಾದ ಬೆಂಬಲಿಗರು ನೋಟುಗಳನ್ನು ಬೀಸಿ ತೋರಿಸಿದರು. ಲೆಕ್ಕದ ಪ್ರಕಾರ ಎರಡೂ ತಂಡಗಳಿಗೆ ಬೇಕಾದದ್ದು ಸಿಕ್ಕಿತ್ತು. ಇಲ್ಲವಾದದ್ದು ಆಟ. ಆ ಕಳಂಕದ ಬಳಿಕವೇ ಗುಂಪಿನ ಕೊನೆಯ ಪಂದ್ಯಗಳನ್ನು ಏಕಕಾಲಕ್ಕೆ ಆಡಿಸುವ ಪದ್ಧತಿ ಬಂತು. ಗೆಲ್ಲುವ ಹಂಬಲ ಆಟಕ್ಕೆ ಬೇಕು. ಫಲ ಒಂದೇ ಸಾಕೆಂಬ ಮನಸ್ಸು ಅದೇ ಹಂಬಲವನ್ನು ಕೊಲ್ಲಬಲ್ಲದು.

ಗೆಲುವನ್ನೇ ಸರ್ವಸ್ವ ಮಾಡಿಕೊಂಡವರಿಗೆ ಅಂಕಿಅಂಶವೂ ಅನುಕೂಲವಾಗಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 1992ರಿಂದ 2025ರವರೆಗೆ 51 ಕ್ಲಬ್‌ಗಳು ಆಡಿವೆ, ಪ್ರಶಸ್ತಿ ಗೆದ್ದದ್ದು ಏಳು ಮಾತ್ರ. 1930ರಿಂದ 2022ರವರೆಗಿನ 22 ವಿಶ್ವಕಪ್‌ಗಳನ್ನು ಹಂಚಿಕೊಂಡದ್ದು ಎಂಟು ದೇಶಗಳು. ಕಪ್ ಒಂದೇ ಅಭಿಮಾನದ ಫಲವೆಂದಾದರೆ ಉಳಿದವರ ಬೆಂಬಲಿಗರು ತಲೆಮಾರುಗಳ ಕಾಲ ವ್ಯರ್ಥ ಕಾದಂತಾಯಿತು. ಹಾಗಾಗಿಲ್ಲ ಎಂಬುದು ತುಂಬಿದ ಕ್ರೀಡಾಂಗಣಗಳನ್ನು ನೋಡಿದವರಿಗೆಲ್ಲ ಗೊತ್ತು. ಇನ್ನೊಂದು ಮಾತು: ಫುಟ್‌ಬಾಲ್ ಗೋಲಿಗೆ ಬಡ ಆಟ. 2022ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಂದದ್ದು 172 ಗೋಲು, ಪಂದ್ಯಕ್ಕೆ ಮೂರೂ ಇಲ್ಲ. ನೂರಾರು ರನ್ನುಗಳ ಕ್ರಿಕೆಟ್‌ನಲ್ಲಿ ಒಂದು ತಪ್ಪು ತೀರ್ಪು ಮುಂದಿನ ಓವರ್‌ಗಳಲ್ಲಿ ಕರಗಿಹೋಗಬಹುದು. ಫುಟ್‌ಬಾಲ್‌ನಲ್ಲಿ ಯಾರದೋ ಮೊಣಕಾಲಿಗೆ ತಾಗಿ ದಿಕ್ಕು ಬದಲಿಸಿದ ಚೆಂಡು ಇಡೀ ಪಂದ್ಯದ ಹಣೆಬರಹ ಬರೆಯುತ್ತದೆ. ಅದೃಷ್ಟಕ್ಕೆ ಇಷ್ಟು ಜಾಗವಿರುವ ಆಟದಲ್ಲಿ ಫಲಿತಾಂಶವೊಂದನ್ನೇ ಯೋಗ್ಯತೆಯ ಅಳತೆಗೋಲು ಮಾಡಿಕೊಂಡರೆ ತೀರ್ಪು ಆಗಾಗ ತಪ್ಪುತ್ತದೆ.

ಸೋತವರನ್ನು ಇತಿಹಾಸ ನೆನಪಿಡುವುದಿಲ್ಲ ಎಂಬ ಆಕ್ಷೇಪ ಸಾಮಾನ್ಯ. ಚೆನ್ನಾಗಿ ಆಡಿ ಸೋತ ಎಷ್ಟೋ ತಂಡಗಳು ಮರೆತುಹೋಗಿವೆ, ನಿಜ. ಆದರೆ ಗೆದ್ದವರಲ್ಲೂ ಎಷ್ಟೋ ಜನ ದಾಖಲೆ ಪುಸ್ತಕದ ಒಂದು ಸಾಲಾಗಿಯಷ್ಟೇ ಉಳಿದಿದ್ದಾರೆ. 1953ರಲ್ಲಿ ವೆಂಬ್ಲಿಗೆ ಹೋಗಿ ಇಂಗ್ಲೆಂಡನ್ನು 6-3ರಿಂದ ಮಣಿಸಿದ ಪುಷ್ಕಾಶ್‌ರ ಹಂಗೇರಿ ಮರುವರ್ಷ ಬರ್ನ್ ಫೈನಲ್‌ನಲ್ಲಿ ಸೋತರೂ ಆಟದ ಚರಿತ್ರೆಯಿಂದ ಅದನ್ನು ತೆಗೆಯಲು ಬರುವುದಿಲ್ಲ. 1974ರ ನೆದರ್ಲೆಂಡ್ಸ್ ಕಥೆ ಇನ್ನೂ ದೊಡ್ಡದು. ರೀನಸ್ ಮಿಕೆಲ್ಸ್ ಕೋಚ್, ಯೋಹಾನ್ ಕ್ರೈಫ್ ನಾಯಕ. ಎಲ್ಲರೂ ಎಲ್ಲ ಜಾಗದಲ್ಲೂ ಆಡುವ ಟೋಟಲ್ ಫುಟ್‌ಬಾಲ್ ಮ್ಯೂನಿಕ್ ಫೈನಲ್‌ನಲ್ಲಿ 2-1ರಿಂದ ಸೋತಿತು. ಆದರೆ ಕ್ರೈಫ್ 1988ರಿಂದ 1996ರವರೆಗೆ ಬಾರ್ಸಿಲೋನಾದ ಕೋಚ್ ಆಗಿ ಆ ಚಿಂತನೆಯನ್ನು ಅಲ್ಲಿ ಬಿತ್ತಿದರು. ಅವರ ಗರಡಿಯಲ್ಲಿ ಆಡಿದ ಗಾರ್ಡಿಯೋಲ ಮುಂದೆ ಅದನ್ನು ಬೆಳೆಸಿದರು. 2010ರಲ್ಲಿ ಶಾವಿ, ಇನಿಯೆಸ್ಟಾ ಅವರ ಸ್ಪೇನ್ ಜೊಹಾನ್ಸ್‌ಬರ್ಗ್‌ನಲ್ಲಿ ಕಪ್ ಎತ್ತಿದಾಗ ಎದುರಿಗಿದ್ದದ್ದು ನೆದರ್ಲೆಂಡ್ಸ್, ಅದೂ ಒದೆತದ ಬಲದಿಂದ ಗೆಲ್ಲಲು ಹೊರಟ ನೆದರ್ಲೆಂಡ್ಸ್. ತಮ್ಮ ದೇಶದ ಆ ಆಟವನ್ನು ಕ್ರೈಫ್ ಬಹಿರಂಗವಾಗಿ ಖಂಡಿಸಿದರು. ಕಪ್ ಗೆದ್ದ ತಂಡದ ಪಾಲಿಗೆ ಉಳಿಯುತ್ತದೆ. ಚೆಲುವಾದ ಆಟ ಊರು ದಾಟಿ, ತಲೆಮಾರು ದಾಟಿ ಬೇರೆಯವರ ಕಾಲಿಗೆ ಇಳಿಯುತ್ತದೆ.

ಸಣ್ಣ ತಂಡಗಳಿಗೆ ಇಂಥ ಐಷಾರಾಮ ಎಲ್ಲಿಂದ ಬರಬೇಕು ಎಂದು ಕೇಳಬಹುದು. 2004ರ ಯೂರೋ ಕಪ್‌ನಲ್ಲಿ ಗ್ರೀಸ್, ಕೋಚ್ ಒಟ್ಟೊ ರೆಹಾಗಲ್ ಅವರ ಕಟ್ಟುನಿಟ್ಟಿನ ರಕ್ಷಣೆಯನ್ನು ನಂಬಿ, ಫ್ರಾನ್ಸ್, ಚೆಕ್ ಗಣರಾಜ್ಯ, ಪೋರ್ಚುಗಲ್ ಮೂವರನ್ನೂ 1-0ರಿಂದಲೇ ಸೋಲಿಸಿತು. 2016ರಲ್ಲಿ ಪುಟ್ಟ ಐಸ್‌ಲ್ಯಾಂಡ್ ಇಂಗ್ಲೆಂಡನ್ನು ಮನೆಗೆ ಕಳಿಸಿತು. ಇವರನ್ನು ಹಳಿಯುವುದು ಅನ್ಯಾಯ. ಏಕೆಂದರೆ ಸೊಗಸು ದಾಳಿಯ ಸೊತ್ತಲ್ಲ. ಎದುರಾಳಿ ಎಲ್ಲಿಗೆ ಪಾಸ್ ಕೊಡಬಹುದೆಂದು ಮೊದಲೇ ಅರಿತು, ಬೀಳದೆ, ಬೀಳಿಸದೆ ಚೆಂಡು ಕಸಿಯುತ್ತಿದ್ದ ಪಾವ್ಲೊ ಮಾಲ್ದಿನಿಯ ಆಟದಲ್ಲಿ ಯಾವ ಸ್ಟ್ರೈಕರ್‌ಗೂ ಕಡಿಮೆಯಿಲ್ಲದ ಕಲೆಯಿತ್ತು. ಹತ್ತು ಜನ ಒಂದೇ ದಾರದಲ್ಲಿ ಪೋಣಿಸಿದಂತೆ ಹಿಂದೆ ಮುಂದೆ ಸರಿಯುವುದೂ ಕಣ್ತುಂಬ ನೋಡಬೇಕಾದ ಆಟವೇ. ಅಭಿಮಾನಿ ತಿರಸ್ಕರಿಸಬೇಕಾದದ್ದು ರಕ್ಷಣೆಯನ್ನಲ್ಲ, ಆಟವನ್ನೇ ನಿಲ್ಲಿಸುವ ಕುತಂತ್ರಗಳನ್ನು: ಇಲ್ಲದ ನೋವಿಗೆ ಹೊರಳಾಡುವುದು, ಗೋಲ್‌ಕಿಕ್‌ಗೆ ನಿಮಿಷಗಟ್ಟಲೆ ಸತಾಯಿಸುವುದು, ರೆಫರಿಯನ್ನು ಮುತ್ತಿಗೆ ಹಾಕುವುದು. ಸಣ್ಣ ತಂಡಕ್ಕೂ ದೊಡ್ಡ ತಂಡಕ್ಕೂ ಈ ಗೆರೆ ಒಂದೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನಿಷ್ಠೆಯದು. ತನ್ನ ಊರಿನ ಕ್ಲಬ್ಬನ್ನು ಅಪ್ಪ, ಅಜ್ಜನಿಂದ ಪಡೆದವರಿಗೆ ಫುಟ್‌ಬಾಲ್ ಮನರಂಜನೆಯ ಸರಕಲ್ಲ. ಸೊಗಸು ಬೇಕೆನ್ನುವವರು ಅಭಿಮಾನಿಯನ್ನು ಗ್ರಾಹಕನನ್ನಾಗಿ ಮಾಡುತ್ತಾರೆ ಎಂಬುದು ಅದರ ಸಾರ. ಇದರಲ್ಲಿ ಸತ್ಯವಿದೆ. 2021ರ ಏಪ್ರಿಲ್‌ನಲ್ಲಿ ಯೂರೋಪಿನ 12 ಶ್ರೀಮಂತ ಕ್ಲಬ್‌ಗಳು ಸೂಪರ್ ಲೀಗ್ ಘೋಷಿಸಿದಾಗ ತಾರೆಯರ ದೊಡ್ಡ ಪಂದ್ಯಗಳ ಹಬ್ಬವನ್ನೇ ಮುಂದಿಟ್ಟಿದ್ದವು. ಸ್ಥಾಪಕ ಕ್ಲಬ್‌ಗಳಿಗೆ ಕಾಯಂ ಜಾಗ; ಎಷ್ಟು ಸೋತರೂ ಕೆಳಗಿಳಿಯುವ ಭಯವಿಲ್ಲ. ಆ ಕ್ಲಬ್‌ಗಳ ಸ್ವಂತ ಅಭಿಮಾನಿಗಳೇ ಬೀದಿಗಿಳಿದರು, ಎರಡು ದಿನಗಳಲ್ಲಿ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಅವರು ಕಾಪಾಡಿದ್ದು ತಮ್ಮ ತಂಡದ ಲಾಭವನ್ನಲ್ಲ, ಥಳಕನ್ನೂ ಅಲ್ಲ; ಸೋಲುವ ಅಪಾಯವಿದ್ದಾಗಲಷ್ಟೇ ಅರ್ಥ ಪಡೆಯುವ ಆಟವನ್ನು. ಇಲ್ಲಿ ನಿಷ್ಠೆ ಮತ್ತು ಆಟದ ಪ್ರೀತಿ ಬೇರೆಬೇರೆಯಾಗಿ ಕಾಣುವುದಿಲ್ಲ. 1911ರಲ್ಲಿ ಮೋಹನ್ ಬಗಾನ್‌ನ ಬಹುಪಾಲು ಬರಿಗಾಲಿನ ಆಟಗಾರರು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ, ಆ ಫಲಿತಾಂಶಕ್ಕೆ ಮೈದಾನದಾಚೆಯ ತೂಕವಿತ್ತು ಎಂಬುದನ್ನೂ ಒಪ್ಪಬೇಕು. ಆದರೆ ಆ ಗೆಲುವು ಒಂದು ಗುಲಾಮ ದೇಶದ ತಲೆ ಎತ್ತಿಸಿದ್ದು ನೇರ ಆಟದಿಂದ ಬಂದ ಕಾರಣಕ್ಕೆ. ಮೋಸದಿಂದ ಬಂದಿದ್ದರೆ ಅದು ಏನನ್ನೂ ಸಾಧಿಸುತ್ತಿರಲಿಲ್ಲ.

ಹೇಗಾದರೂ ಸರಿ, ಗೆದ್ದರಾಯಿತು ಎಂಬ ಮನಸ್ಸು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಸಾಕ್ಷಿಗಳಿವೆ. 1993ರಲ್ಲಿ ಎದುರಾಳಿ ಆಟಗಾರರಿಗೆ ಲಂಚ ಕೊಟ್ಟ ಹಗರಣದಲ್ಲಿ ಮಾರ್ಸೇ ಕ್ಲಬ್ ತನ್ನ ಫ್ರೆಂಚ್ ಪ್ರಶಸ್ತಿ ಕಳೆದುಕೊಂಡಿತು. 2006ರಲ್ಲಿ ರೆಫರಿ ನೇಮಕದ ಹಗರಣದಿಂದ ಯುವೆಂಟಸ್ ಎರಡು ಪ್ರಶಸ್ತಿ ಕಳೆದುಕೊಂಡು ಕೆಳದರ್ಜೆಗೆ ಇಳಿಯಿತು. ನೋಡುಗರ ಬೇಸರ ಆಟವನ್ನು ತಿದ್ದಬಲ್ಲದು ಎಂಬುದಕ್ಕೂ ಸಾಕ್ಷಿಯಿದೆ. 1990ರ ವಿಶ್ವಕಪ್‌ನಲ್ಲಿ ಪಂದ್ಯಕ್ಕೆ ಸರಾಸರಿ 2.21 ಗೋಲು, ತುಂಬ ರಕ್ಷಣೆ, ತುಂಬ ಒದೆತ. ಎಲ್ಲೆಡೆ ಟೀಕೆ ಎದ್ದಿತು. 1992ರಲ್ಲಿ, ಜೊತೆಗಾರ ಕಾಲಿನಿಂದ ಬೇಕೆಂದೇ ಹಿಂದೆ ತಳ್ಳಿದ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿಯುವುದು ನಿಷಿದ್ಧವಾಯಿತು. 1994ರ ವಿಶ್ವಕಪ್‌ನಲ್ಲಿ ಗೆಲುವಿಗೆ ಎರಡರ ಬದಲು ಮೂರು ಅಂಕ ಬಂತು. ಆ ಸಲ ಸರಾಸರಿ 2.71ಕ್ಕೆ ಏರಿತು. ನೋಡುಗರಿಗೆ ಗೆಲುವೊಂದೇ ಸಾಕಾಗಿದ್ದರೆ ಈ ತಿದ್ದುಪಡಿಗಳಿಗೆ ಒತ್ತಡವೇ ಇರುತ್ತಿರಲಿಲ್ಲ.

ಈ ಮಾತು ಭಾರತದ ಅಭಿಮಾನಿಗಳಿಗೆ ಹೆಚ್ಚು ಸಹಜವಾಗಿ ಅರ್ಥವಾಗಬೇಕು. ನಮ್ಮ ದೇಶ ಒಮ್ಮೆಯೂ ವಿಶ್ವಕಪ್ ಆಡಿಲ್ಲ. ಆದರೂ ಕೋಲ್ಕತ್ತ, ಕೇರಳ, ಬೆಂಗಳೂರಿನ ಗೌತಮಪುರದಂಥ ಬಡಾವಣೆಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾ ಮೇಲಿನ ಪ್ರೀತಿ ಬೇರು ಬಿಟ್ಟಿರುವುದು ಪೆಲೆ, ಮರಡೋನಾರ ಆಟದಿಂದ. ಅವರ ಗೆಲುವಿನಲ್ಲಿ ನಮಗೆ ಪಾಲಿರಲಿಲ್ಲ. ತಾಳಮದ್ದಲೆಯಲ್ಲಿ ಪ್ರಸಂಗದ ಪ್ರಕಾರ ಸೋಲಬೇಕಾದ ಪಾತ್ರದ ಅರ್ಥಧಾರಿಯೂ ಮಾತಿನ ಬಲದಿಂದ ಇಡೀ ರಾತ್ರಿಯನ್ನು ಗೆಲ್ಲುವುದನ್ನು ಕಂಡ ನಾಡಿಗೆ ಇದು ಹೊಸ ಪಾಠವೂ ಅಲ್ಲ. 2005ರ ನವೆಂಬರ್‌ನಲ್ಲಿ ಬಾರ್ಸಿಲೋನಾದ ರೊನಾಲ್ಡಿನೊ ಎರಡು ಗೋಲು ಹೊಡೆದು ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಮನೆಯಂಗಳದಲ್ಲೇ ಸೋಲಿಸಿದಾಗ, ಅಲ್ಲಿನ ಅಭಿಮಾನಿಗಳು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವರ ನಿಷ್ಠೆ ಅದರಿಂದ ಕಿಂಚಿತ್ತೂ ಕುಂದಲಿಲ್ಲ. ತನ್ನ ತಂಡ ಗೆಲ್ಲಲೆಂದು ಹಾರೈಸುವ ಹಕ್ಕು ಪ್ರತಿ ಅಭಿಮಾನಿಗೂ ಇದೆ. ಅದರ ಜೊತೆಗೆ ಒಂದು ಕರ್ತವ್ಯವೂ ಇದೆ: ತನ್ನವರು ಹೊತ್ತು ಕೊಂದು ಗೆದ್ದಾಗ ಚಪ್ಪಾಳೆ ತಡೆಹಿಡಿಯುವುದು, ಎದೆಗೊಟ್ಟು ಆಡಿ ಸೋತಾಗ ಜೊತೆಗೆ ನಿಲ್ಲುವುದು, ಹೊಸ ಆಟ ಕಟ್ಟಲು ಹೊರಟ ಕೋಚ್‌ಗೆ ಒಂದೆರಡು ಸೋಲಿನಾಚೆಗೂ ಕಾಲಾವಕಾಶ ಕೊಡುವುದು. ಕ್ಲಬ್‌ಗಳು ಏನನ್ನು ಆಡುತ್ತವೆ ಎಂಬುದು ಕೊನೆಗೂ ನೋಡುಗರು ಯಾವುದಕ್ಕೆ ಮನ್ನಣೆ ಕೊಡುತ್ತಾರೆ ಎಂಬುದನ್ನು ಅವಲಂಬಿಸಿದೆ. ಒಳ್ಳೆಯ ಆಟ ಬೇಕೆನ್ನುವವರು ಮೊದಲು ಅದಕ್ಕೆ ಬೆಲೆ ಕೊಡಲು ಕಲಿಯಬೇಕು.