ಕಷಾಯವನ್ನೂ ಒರೆಗೆ ಹಚ್ಚೋಣ

ಮಗಳ ಸ್ಕ್ಯಾನಿಂಗ್ ವರದಿಯಲ್ಲಿ ಅಂಡಾಶಯದ ತೊಂದರೆ ಪಿಸಿಒಎಸ್ ಎಂದು ಬಂದರೆ ಮೊದಲು ಬದಲಾಗುವುದು ಅಡುಗೆಮನೆ. ಮೆಂತ್ಯ ನೆನೆಯುತ್ತದೆ, ಚಕ್ಕೆ ಕುದಿಯುತ್ತದೆ, ಅಶೋಕದ ತೊಗಟೆಗೆ ಹುಡುಕಾಟ ಶುರುವಾಗುತ್ತದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಜಾಹೀರಾತು: ಮೂರು ತಿಂಗಳು ಈ ಚೂರ್ಣ ಕುಡಿದರೆ ಸಾಕು, ನೀರುಗುಳ್ಳೆಗಳೆಲ್ಲ ಕರಗುತ್ತವೆ.

ಕರಗಿಸಬೇಕಾದ ಗುಳ್ಳೆ ಅಲ್ಲಿ ಇರುವುದೇ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣುವವು ಬಲಿಯದೆ ಅರ್ಧಕ್ಕೆ ನಿಂತ ಕೋಶಕಗಳು. ಒಂದೊಂದರೊಳಗೂ ಒಂದು ಅಂಡಾಣು. ಪಿಸಿಒಎಸ್ ಇರುವ ಬಹುಪಾಲು ಹೆಣ್ಣುಮಕ್ಕಳಲ್ಲಿ ದೇಹ ಇನ್ಸುಲಿನ್ನಿಗೆ ಸರಿಯಾಗಿ ಓಗೊಡುವುದಿಲ್ಲ. ಇನ್ಸುಲಿನ್ ಏರಿದಂತೆ ಅಂಡಾಶಯದಲ್ಲಿ ಪುರುಷ ಹಾರ್ಮೋನು ಹೆಚ್ಚುತ್ತದೆ, ಮುಟ್ಟು ತಪ್ಪುತ್ತದೆ. ಸಂತಾನವಯಸ್ಸಿನ ಮಹಿಳೆಯರಲ್ಲಿ ಶೇ 10ರಿಂದ 13ರಷ್ಟು ಮಂದಿಗೆ ಈ ತೊಂದರೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗೆಂದು ಗಿಡಮೂಲಿಕೆಯನ್ನು ಹೀಗಳೆಯುವುದು ನನಗೆ ಒಪ್ಪಿಗೆಯಿಲ್ಲ. ಇದೇ ಕಾಯಿಲೆಗೆ ವೈದ್ಯರು ಬರೆದುಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಬೇರು ಯುರೋಪಿನ ಗಲೇಗ ಎಂಬ ಗಿಡದಲ್ಲಿದೆ. ಆ ಗಿಡದ ಸತ್ವಕ್ಕೆ ರಕ್ತದ ಸಕ್ಕರೆ ಇಳಿಸುವ ಗುಣವಿತ್ತು, ವಿಷವೂ ಇತ್ತು. ಅದಕ್ಕೆ ಹತ್ತಿರದ, ಅಪಾಯ ಕಡಿಮೆಯಿರುವ ರಾಸಾಯನಿಕವನ್ನು ಹುಡುಕಿ, ಅಳೆದು, 1957ರಲ್ಲಿ ಫ್ರಾನ್ಸಿನಲ್ಲಿ ಮಧುಮೇಹಿಗಳಿಗೆ ಕೊಡಲಾರಂಭಿಸಿದರು. ಗಿಡ ಔಷಧವಾದದ್ದು ಅಳತೆಯಿಂದ.

ನಮ್ಮ ಮನೆಗಳ ಮೂಲಿಕೆಗಳಿಗೆ ಆ ಅಳತೆ ಸಾಕಷ್ಟು ನಡೆದಿಲ್ಲ. ಪುದೀನ ಜಾತಿಯ ಸ್ಪಿಯರ್‌ಮಿಂಟ್ ಚಹಾವನ್ನು ಬ್ರಿಟನ್ನಿನಲ್ಲಿ ನಲವತ್ತು ಚಿಲ್ಲರೆ ಮಹಿಳೆಯರ ಮೇಲೆ ಒಂದು ತಿಂಗಳು ಪರೀಕ್ಷಿಸಿ ನೋಡಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಪುರುಷ ಹಾರ್ಮೋನು ಇಳಿದಿತ್ತು, ಆದರೆ ವೈದ್ಯರ ಅಳತೆಯಲ್ಲಿ ಮುಖದ ಕೂದಲು ಕಡಿಮೆಯಾಗಿರಲಿಲ್ಲ. ಮರದರಿಶಿನದಲ್ಲಿರುವ ಬರ್ಬರಿನ್ ಇನ್ಸುಲಿನ್ ತೊಂದರೆಗೆ ಒದಗುವ ಲಕ್ಷಣ ತೋರಿದೆ. ಗರ್ಭಿಣಿಯರಿಗೆ ಮಾತ್ರ ಅದು ಸಲ್ಲದು. ಇಲ್ಲಿಯೇ ನನಗೆ ಹೆಚ್ಚು ಭಯ. ಮುಟ್ಟು ಏರುಪೇರಾಗುವ ಹೆಣ್ಣಿಗೆ ತಾನು ಬಸುರಿ ಎಂಬುದು ತಡವಾಗಿ ತಿಳಿಯಬಹುದು, ಅಲ್ಲಿಯವರೆಗೂ ಚೂರ್ಣ ಒಳಗೆ ಹೋಗುತ್ತಲೇ ಇರುತ್ತದೆ. ಜ್ಯೇಷ್ಠಮಧುವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಕುಸಿಯುತ್ತದೆ.

ದೊಡ್ಡ ಪರೀಕ್ಷೆ ಅಸಾಧ್ಯವೇನಲ್ಲ. ಚೀನಾ ತನ್ನ ಸಾಂಪ್ರದಾಯಿಕ ಸೂಜಿ ಚಿಕಿತ್ಸೆಯನ್ನು ಪಿಸಿಒಎಸ್ ಇರುವ 1,000 ಮಹಿಳೆಯರ ಮೇಲೆ ಪರೀಕ್ಷಿಸಿತು. ಅದರಿಂದ ಹೆರಿಗೆಗಳು ಹೆಚ್ಚಲಿಲ್ಲ, ಕ್ಲೋಮಿಫೀನ್ ಮಾತ್ರೆಯಿಂದ ಹೆಚ್ಚಿದವು. ತನ್ನ ಪರಂಪರೆಗೆ ಪ್ರತಿಕೂಲವಾದ ಆ ಫಲಿತಾಂಶ 2017ರಲ್ಲಿ ಪ್ರಕಟವೂ ಆಯಿತು. ಶತಾವರಿಗೆ, ಅಶೋಕಕ್ಕೆ ನಾವು ಸಲ್ಲಿಸಬೇಕಾದ ಗೌರವ ಅಂಥ ಪರೀಕ್ಷೆಯೇ. ಇನ್ನು ಮುಟ್ಟಿನ ದೋಷ, ಬಂಜೆತನ ವಾಸಿಮಾಡುತ್ತೇವೆಂಬ ಔಷಧ ಜಾಹೀರಾತುಗಳಿಗೆ ನಮ್ಮ ದೇಶದ 1954ರ ಕಾಯ್ದೆಯಲ್ಲೇ ತಡೆಯಿದೆ. ಅದನ್ನು ಮೊಬೈಲಿನ ಪರದೆಗೂ ಬಿಗಿಯಾಗಿ ಅನ್ವಯಿಸಬೇಕು.

ಕಷಾಯ ಕುಡಿಯುವವರು ಅದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ; ಡಬ್ಬಿಯನ್ನೇ ಒಯ್ದು ತೋರಿಸಿ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಇನ್ನೊಂದು ಚೂರ್ಣಕ್ಕಾಗಿ ಕಾಯಬೇಡಿ. ಹಾಗೆ ತಿಂಗಳುಗಟ್ಟಲೆ ಮುಟ್ಟು ನಿಂತಾಗ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಮುಂದೆ ಅಲ್ಲಿ ಕ್ಯಾನ್ಸರ್ ಬರುವ ಅಪಾಯ ಹೆಚ್ಚುತ್ತದೆ.